ಮುಂದಿನ ಸೀಟಿನ ಮಾತು

ನಮ್ಮ ಮನೆಯಲ್ಲಿ ನನ್ನ ಬಗ್ಗೆ ಒಂದು ತಮಾಷೆ ಬಹಳ ಕಾಲದಿಂದ ಚಾಲ್ತಿಯಲ್ಲಿತ್ತು. ಮನೆಗೆ ಬಂದ ನೆಂಟರು, ಮಗಳು ಕಾಲೇಜಿನಲ್ಲಿ ಅದೇನೋ ಸಂಶೋಧನೆ ಮಾಡ್ತಾಳಂತಲ್ಲ ಎಂದು ಬಾಯಿ ತೆಗೆದರೆ ಸಾಕು, ಅಪ್ಪ ಕಾಯುತ್ತಿದ್ದವನ ಹಾಗೆ ಹೇಳುತ್ತಿದ್ದ.

"ಡ್ರೈವರ್ ಇಲ್ದೆ ಓಡೋ ಗಾಡಿ ಮಾಡ್ತಾವ್ಳೆ. ಯಾಕೆ ಗೊತ್ತಾ? ಇವಳಿಗೆ ಡ್ರೈವಿಂಗ್ ಬರಲ್ಲ."

ನೆಂಟರು ನಗುತ್ತಿದ್ದರು. ನಾನೂ ಹಲ್ಲು ಕಚ್ಚಿಕೊಂಡು ನಗುತ್ತಿದ್ದೆ. ನನ್ನ ಹತ್ತಿರ ಲೈಸೆನ್ಸ್ ಇತ್ತು, ಮದುವೆಗೆ ಮುಂಚೆಯೇ ಡ್ರೈವಿಂಗ್ ಸ್ಕೂಲಿಗೆ ಹೋಗಿ ಕಲಿತು ತಂದದ್ದು. ಆದರೆ ಕಾರಿನ ಕೀ ಅಪ್ಪನ ಜೇಬು ಬಿಟ್ಟು ಇನ್ನೊಂದು ಕಡೆ ಹೋದದ್ದನ್ನು ನಾನು ಕಂಡಿಲ್ಲ. ಕೇಳಿದರೆ, "ನಿಂಗ್ಯಾಕಮ್ಮ ತಾಪತ್ರಯ, ನಾನಿಲ್ವಾ?" ಎನ್ನುತ್ತಿದ್ದ. ಹಾಗಾಗಿ ನಾನು ಸ್ಕೂಟರಿನವಳಾಗಿಯೇ ಉಳಿದೆ.

ತುಮಕೂರಿನ ಮರಳೂರಿನಲ್ಲಿ ನಮ್ಮದು ಎರಡಂತಸ್ತಿನ ಮನೆ. ಮೇಲೆ ನಾನು, ನನ್ನ ಗಂಡ. ಕೆಳಗೆ ಅಪ್ಪ ಅಮ್ಮ. ಅಡುಗೆ ಮಾತ್ರ ಕೆಳಗಡೆ, ಒಂದೇ ಒಲೆ. ಅಪ್ಪ ಚೇಳೂರಿನ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು. ರಿಟೈರಾದ ಮೇಲೆ ನಮ್ಮ ಜೊತೆ ತುಮಕೂರಿಗೆ ಬಂದ. ಆದರೆ ಚೇಳೂರಿನ ಪಕ್ಕದಲ್ಲಿ ನಮಗೊಂದಿಷ್ಟು ತೆಂಗು ಇದೆ. ವಾರಕ್ಕೊಮ್ಮೆ ಅದನ್ನು ಹೋಗಿ ನೋಡಿಬರದಿದ್ದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಬಿಳಿ ಕಾರು, ಮುಂದೆ ಅಪ್ಪ, ಪಕ್ಕದಲ್ಲಿ ಅಮ್ಮ, ಹಿಂದೆ ಖಾಲಿ ಚೀಲ. ಗುಬ್ಬಿಯ ಮೇಲೆ ಹೋಗಿ, ಬರುವಾಗ ಚೀಲ ತುಂಬಿಕೊಂಡು ಬರುತ್ತಿದ್ದರು.

ನನ್ನ ಕೆಲಸದ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾನು ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತೇನೆ. ವಯಸ್ಸು ನಲವತ್ತು ದಾಟಿದ ಮೇಲೆ ಪಿಎಚ್‌ಡಿಗೆ ಸೇರಿಕೊಂಡೆ. ಹೆದ್ದಾರಿಯಲ್ಲಿ ನಾಲ್ಕೈದು ಲಾರಿಗಳು ಒಂದರ ಹಿಂದೊಂದು, ಹತ್ತಿರ ಹತ್ತಿರ, ಸಾಲಾಗಿ ಹೋಗುವುದನ್ನು ಊಹಿಸಿಕೊಳ್ಳಿ. ಹಿಂದಿನವುಗಳಲ್ಲಿ ಡ್ರೈವರ್ ಇರುವುದಿಲ್ಲ. ಮುಂದಿನ ಲಾರಿ ತನ್ನ ವೇಗ ಎಷ್ಟು, ಬ್ರೇಕ್ ಒತ್ತಿದೆಯೋ ಇಲ್ಲವೋ ಎಂಬುದನ್ನು ವೈರ್‌ಲೆಸ್ಸಿನಲ್ಲಿ ಬಿಡುವಿಲ್ಲದೆ ಹೇಳುತ್ತಿರುತ್ತದೆ. ಹಿಂದಿನವು ಅದನ್ನು ಕೇಳಿಕೊಂಡು ಓಡುತ್ತವೆ. ಇಂಥ ಸಾಲಿಗೆ ಪ್ಲಟೂನ್ ಎನ್ನುತ್ತಾರೆ. ನನ್ನ ಸಂಶೋಧನೆ ಲಾರಿಯ ಬಗ್ಗೆ ಅಲ್ಲ, ಆ ಮಾತಿನ ಬಗ್ಗೆ. ಮಾತು ಹೊತ್ತಿಗೆ ಸರಿಯಾಗಿ ತಲುಪಬೇಕು. ತಲುಪಿದ ಮಾತು ಮುಂದಿನ ಲಾರಿಯೇ ಆಡಿದ್ದಾಗಿರಬೇಕು. ದಾರಿಯಲ್ಲಿ ನಿಂತ ಕಿಡಿಗೇಡಿಯೊಬ್ಬ ಅದರ ದನಿ ಅನುಕರಿಸಿ ಆಡಿದ್ದಾಗಿರಬಾರದು. ಈ ಎರಡರ ಹಿಂದೆ ನನ್ನ ಎಷ್ಟೋ ಭಾನುವಾರಗಳು ಹೋಗಿವೆ.

ಲಾರಿ ಕೊಡಿಸುವಷ್ಟು ಕಾಲೇಜು ಉದಾರಿಯಲ್ಲ. ಮೂರು ಪುಟ್ಟ ಬ್ಯಾಟರಿ ಗಾಡಿಗಳಿಗೆ ರೇಡಿಯೋ ಕೂರಿಸಿ, ಊರಾಚೆ ಕೋರದ ಹತ್ತಿರ ಸೈಟು ಗುರುತು ಮಾಡಿ ಮನೆ ಏಳದೆ ಬಿದ್ದಿದ್ದ ಒಂದು ಬಡಾವಣೆಯ ರಸ್ತೆಯಲ್ಲಿ ನಾನೂ ಕಾಲೇಜಿನ ಹುಡುಗರೂ ಓಡಿಸುತ್ತಿದ್ದೆವು. ಅಲ್ಲಿ ನಮಗೆ ಅಡ್ಡ ಬರುತ್ತಿದ್ದುದು ಕುರಿಗಳು ಮಾತ್ರ.

ಒಂದು ದಿನ ಅಪ್ಪ ನೋಡಲು ಬಂದ. ನನ್ನ ಗಂಡನ ಬೈಕಿನ ಹಿಂದೆ ಕೂತು ಬಂದು, ಬೇವಿನ ಮರದ ಕೆಳಗೆ ಕೈ ಹಿಂದೆ ಕಟ್ಟಿಕೊಂಡು ನಿಂತ. ಮೂರು ಗಾಡಿಗಳು ಸಾಲಾಗಿ ಹೋಗಿ ಸಾಲಾಗಿ ನಿಂತಾಗ ಮೀಸೆಯಲ್ಲೇ ನಕ್ಕ.

"ಇದು ನನ್ನ ಡ್ರಿಲ್ಲೇ ಬುಡು. ಒಂದು ಕೈ ಅಂತರ, ಮುಂದಿನವನ ಕತ್ತು ನೋಡ್ಕೊಂಡು ನಡೀರೋ ಅಂತ ನಾನೂ ಹೇಳ್ತಿದ್ದೆ. ಆದ್ರೆ ಬರೀ ಕತ್ತು ನೋಡ್ಕೊಂಡು ನಡೆದ್ರೆ ಮುಂದಿನೋನು ನಿಂತಾಗ ಹಿಂದಿನೋರೆಲ್ಲ ಗುದ್ಕೊಂಡು ಬೀಳೋರು. ಅದಕ್ಕೇ ಸೀಟಿ ಇಟ್ಕೊಂಡಿದ್ದು."

ನಾನು ಹೌದಪ್ಪ, ಈ ರೇಡಿಯೋನೇ ನಮ್ಮ ಸೀಟಿ ಎಂದೆ. ಅವನು ಇನ್ನೊಂದು ಕೇಳಿದ.

"ಮುಂದಿನ ಗಾಡಿ ಮಾತಾಡೋದು ನಿಲ್ಲಿಸ್ಬುಟ್ರೆ?"

ಈ ಪ್ರಶ್ನೆ ಕೇಳಿದರೆ ನನಗೆ ಉತ್ಸಾಹ. ನಮ್ಮ ಇಡೀ ಲೆಕ್ಕಾಚಾರ ನಿಂತಿರುವುದೇ ಅದರ ಮೇಲೆ. ಮಾತು ಬರಲಿಲ್ಲ ಎಂದರೆ ಎಲ್ಲ ಸರಿಯಾಗಿದೆ ಎಂದು ತಿಳಿಯಕೂಡದು, ಮೌನವನ್ನು ಅಪಾಯ ಎಂದೇ ತಿಳಿದು ಹಿಂದಿನ ಗಾಡಿ ವೇಗ ಇಳಿಸಿ, ಅಂತರ ಹೆಚ್ಚಿಸಿ, ಪಕ್ಕಕ್ಕೆ ನಿಲ್ಲಬೇಕು; ಅದಕ್ಕೇ ಹೇಳಲು ಏನೂ ಇಲ್ಲದಿದ್ದರೂ ಮುಂದಿನದು 'ಏನೂ ಇಲ್ಲ, ಏನೂ ಇಲ್ಲ' ಎಂದು ಹೇಳುತ್ತಲೇ ಇರಬೇಕು ಎಂದು ಪಾಠ ಒಪ್ಪಿಸಿದೆ.

"ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಅನ್ನು," ಎಂದ ಅಪ್ಪ. "ನಿಮ್ಮಮ್ಮನ ಥರ."

ಇಬ್ಬರೂ ನಕ್ಕೆವು. ಅವನು ತಮಾಷೆ ಮಾಡುತ್ತಿಲ್ಲ ಎಂಬುದು ನನಗೆ ಹೊಳೆಯಲಿಲ್ಲ.

ಅಮ್ಮನಿಗೆ ಸೈಕಲ್ ತುಳಿಯಲೂ ಬರುವುದಿಲ್ಲ. ಆದರೆ ಕಾರಿನ ಮುಂದಿನ ಸೀಟಿನಲ್ಲಿ ಕೂತಳೆಂದರೆ ಅವಳ ಬಾಯಿಗೆ ಬಿಡುವಿರುತ್ತಿರಲಿಲ್ಲ. "ರೀ, ಹಂಪು." "ಎಡಕ್ಕೆ ಸೈಕಲ್ನೋನು." "ಅಜ್ಜಿ ರೋಡ್ ದಾಟ್ತಾವ್ಳೆ, ತಡೀರಿ." "ನಾಯಿ ಮಲಗೈತೆ, ಬಲಕ್ಕೆ ಬನ್ನಿ." ಹೇಳಲು ಏನೂ ಸಿಗದಿದ್ದರೆ, "ಏನಿಲ್ಲ ರೀ, ರೋಡ್ ಖಾಲಿ." ಹಬ್ಬಕ್ಕೋ ಮದುವೆಗೋ ಎಂದು ಅವರ ಜೊತೆ ಹೋದಾಗ ಹಿಂದೆ ಕೂತ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಹಂಪ್ ಇದ್ದರೆ ಹೇಳಲಿ, ಹೋಗಲಿ; ಏನೂ ಇಲ್ಲ ಎಂದು ಹೇಳುವುದು ಯಾಕೆ?

"ಅಮ್ಮ, ಸ್ವಲ್ಪ ಬಾಯಿಗೆ ರೆಸ್ಟ್ ಕೊಡು ತಾಯಿ. ಅಪ್ಪಂಗೆ ಡ್ರೈವಿಂಗ್ ಬರತ್ತೆ," ಎಂದು ನಾನು ಎಷ್ಟು ಸಲ ರೇಗಿದ್ದೇನೋ. ಅಮ್ಮ ತಿರುಗಿಯೂ ನೋಡುತ್ತಿರಲಿಲ್ಲ. ವಿಚಿತ್ರವೆಂದರೆ ಅಪ್ಪನೂ ಸುಮ್ಮನಿರುತ್ತಿದ್ದ. ನಾನು ಚಿಕ್ಕವಳಿದ್ದಾಗ ಮೋಟಾರ್ ಬೈಕಿನ ಹಿಂದೆ ಕೂತು ಅಮ್ಮ ಒಂದು ಮಾತಾಡಿದರೂ, "ಓಡಿಸ್ತಿರೋನು ನಾನಾ ನೀನಾ?" ಎಂದು ಗದರುತ್ತಿದ್ದ ಮನುಷ್ಯ ಇವನೇ. ವಯಸ್ಸಾದ ಮೇಲೆ ಗಂಡಸರು ಮೆತ್ತಗಾಗುತ್ತಾರೆ ಎಂದುಕೊಂಡೆ. ಸ್ವಲ್ಪ ಖುಷಿಯೂ ಆಗಿತ್ತು.

ಇನ್ನೊಂದು ಅಭ್ಯಾಸವೂ ಅವನಿಗೆ ಬಂದಿತ್ತು. ಚೇಳೂರಿನಿಂದ ಹೊರಡುವಾಗ ಬಸ್ ಸ್ಟ್ಯಾಂಡಿನ ಎದುರು ಟೀ ಕುಡಿಯುತ್ತಾ ಕೂರುತ್ತಿದ್ದ. ಲೋಟ ಖಾಲಿಯಾಗಿ ಎಷ್ಟೋ ಹೊತ್ತಾದರೂ ಏಳುತ್ತಿರಲಿಲ್ಲ. ಗುಬ್ಬಿ ಬಸ್ಸಿನ ಕಂಡಕ್ಟರ್ ರೈಟ್ ಎಂದ ತಕ್ಷಣ ಎದ್ದು, ಬಸ್ಸಿನ ಹಿಂದೆಯೇ ಕಾರು ಹಾಕುತ್ತಿದ್ದ. ಬಸ್ ನಿಂತರೆ ನಿಲ್ಲುವುದು, ಹೊರಟರೆ ಹೊರಡುವುದು. ಯಾಕಪ್ಪ, ಓವರ್‌ಟೇಕ್ ಮಾಡಬಾರದೇ ಎಂದು ಕೇಳಿದ್ದಕ್ಕೆ, "ಬಸ್ಸಿನ ಹಿಂದೆ ಹೋದ್ರೆ ಆರಾಮ ಕಣಮ್ಮ, ಎದುರುಗಡೆಯೋರು ಅದಕ್ಕೆ ಹೆದರ್ಕೊಂಡು ಜಾಗ ಬುಡ್ತಾರೆ," ಎಂದಿದ್ದ. ಎಂಥ ಜಾಣ ಎಂದು ನಾನು ಈ ಮಾತನ್ನು ಕ್ಲಾಸಿನಲ್ಲಿ ಹುಡುಗರಿಗೂ ಹೇಳಿ ನಗಿಸಿದ್ದೆ. ದೀಪದ ಬುಡದಲ್ಲಿ ಕತ್ತಲು ಎನ್ನುವುದು ಸುಮ್ಮನೆ ಅಲ್ಲ.

ಕುಣಿಗಲ್ಲಿನಲ್ಲಿ ಅಮ್ಮನ ತಮ್ಮ, ನನ್ನ ಸೋದರಮಾವ, ಹೊಸ ಮನೆ ಕಟ್ಟಿದ್ದ. ಗೃಹಪ್ರವೇಶಕ್ಕೆ ಹೊರಡುವ ಹೊತ್ತಿಗೆ ಅಪ್ಪ ಅಮ್ಮ ಮಾತು ಬಿಟ್ಟಿದ್ದರು. ನಮ್ಮ ಮನೆಯಲ್ಲಿ ಇದು ಹೊಸದಲ್ಲ. ಮಾತು ಬಿಟ್ಟಾಗ ಅಮ್ಮ ತಟ್ಟೆ ಇಟ್ಟು ಗೋಡೆಗೆ, "ಮುದ್ದೆ ಆರಿ ಹೋಗ್ತೈತಪ್ಪ," ಎನ್ನುತ್ತಿದ್ದಳು. ಅಪ್ಪ ಉಂಡೆದ್ದು ಅದೇ ಗೋಡೆಗೆ, "ಉಪ್ಪು ಕಮ್ಮಿ," ಎನ್ನುತ್ತಿದ್ದ. ನಾನು ಮನೆಯಲ್ಲಿದ್ದರೆ ಗೋಡೆಯ ಬದಲು ನಾನು. "ನಿಮ್ಮಪ್ಪಂಗೆ ಹೇಳು", "ನಿಮ್ಮಮ್ಮಂಗೆ ಹೇಳು" ಎಂಬ ಟಪಾಲನ್ನು ಲಂಗ ಹಾಕುವ ಕಾಲದಿಂದ ಹಂಚಿದ್ದೇನೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವರದು ಉಂಡು ಮಲಗಿ ಎದ್ದ ಮೇಲೂ ನಡೆಯುತ್ತಿತ್ತು. ಕಾರಣ ಕೇಳುವುದನ್ನು ನಾನು ಯಾವ ಕಾಲದಲ್ಲೋ ಬಿಟ್ಟಿದ್ದೆ.

ಆ ದಿನ ಬೆಳಿಗ್ಗೆ ಅಮ್ಮ ರೇಷ್ಮೆ ಸೀರೆ ಉಟ್ಟು, ತಮ್ಮನಿಗೆ ಕೊಡುವ ಹಿತ್ತಾಳೆ ತಟ್ಟೆಗಳನ್ನು ಕಂಕುಳಲ್ಲಿ ಹಿಡಿದುಕೊಂಡು, ಕಾರಿನ ಹಿಂದಿನ ಬಾಗಿಲು ತೆಗೆದು ಹಿಂದೆ ಕೂತುಬಿಟ್ಟಳು. ಅಪ್ಪ ಕೀ ಹಿಡಿದು ನಿಂತವನು ಖಾಲಿ ಮುಂದಿನ ಸೀಟನ್ನು ನೋಡಿದ.

"ಬಸ್ಸಿಗೆ ಹೋಗಾಣ ಅಂತ ಹೇಳು ನಿಮ್ಮಪ್ಪಂಗೆ," ಅಂದಳು ಅಮ್ಮ ನನಗೆ.

"ಮನೆ ಮುಂದೆ ಕಾರು ನಿಂತಿರೋವಾಗ ಬಸ್ ಯಾಕೆ ಅಂತ ಕೇಳು ನಿಮ್ಮಮ್ಮನ್ನ," ಎಂದ ಅಪ್ಪ. ಆಮೇಲೆ ದನಿ ಇಳಿಸಿ, "ನೀನು ಮುಂದೆ ಕೂತ್ಕೋ," ಎಂದ.

ನನ್ನ ಗಂಡ ಡ್ಯೂಟಿಗೆ ಹೋಗಿದ್ದ. ನಾನು ಮುಂದೆ ಕೂತೆ. ಇಬ್ಬರೂ ಪರಸ್ಪರ ಕೇಳಿಸಿಕೊಳ್ಳುವಷ್ಟು ಹತ್ತಿರದಲ್ಲೇ ಇದ್ದರೂ ನಡುವೆ ನಾನೊಬ್ಬಳು ಬೇಕಿತ್ತು.

ಗೂಳೂರು ದಾಟುವ ಮೊದಲೇ ಕಾರು ಒಂದು ಹಂಪನ್ನು ಹಾರಿಸಿಕೊಂಡು ಹೋಯಿತು. ಹಿಂದೆ ಹಿತ್ತಾಳೆ ತಟ್ಟೆಗಳು ಝಣಝಣ ಎಂದವು. ಅಪ್ಪ ಯಾವತ್ತೂ ಹಾಗೆ ಓಡಿಸಿದವನಲ್ಲ. ಇನ್ನೊಂದು ಹಂಪಿಗೂ ಅದೇ ಆಯಿತು. ಜಗಳದ ಸಿಟ್ಟನ್ನು ಕಾರಿನ ಮೇಲೆ ತೀರಿಸುತ್ತಿದ್ದಾನೆ ಎಂದುಕೊಂಡೆ. ಸ್ವಲ್ಪ ದೂರ ಹೋದ ಮೇಲೆ ಅಮ್ಮನ ಕೈ ನನ್ನ ಸೀಟಿನ ಬೆನ್ನನ್ನು ಹಿಡಿದುಕೊಂಡದ್ದು ಗೊತ್ತಾಯಿತು. ಅವಳು ಎರಡು ಸೀಟುಗಳ ಸಂದಿಯಿಂದ ಕತ್ತು ಚಾಚಿ ರಸ್ತೆ ನೋಡುತ್ತಿದ್ದಳು.

"ಎಡಗಡೆ ಬೈಕ್ ಐತೆ ಅಂತ ಹೇಳು ನಿಮ್ಮಪ್ಪಂಗೆ."

"ಅಪ್ಪಾ, ಎಡಗಡೆ ಬೈಕಂತೆ." ನಾನು ಹೇಳಿ ಮುಗಿಸುವಷ್ಟರಲ್ಲಿ ಬೈಕಿನವನು ಬೈದುಕೊಂಡು ಹಿಂದೆ ಉಳಿದಿದ್ದ.

ದಾರಿಯುದ್ದಕ್ಕೂ ಹೀಗೇ ಆಯಿತು. ಅಮ್ಮನಿಗೆ ಹಿಂದಿನಿಂದ ರಸ್ತೆ ಅರ್ಧ ಕಾಣುತ್ತಿತ್ತು, ಕಂಡದ್ದನ್ನು ನನಗೆ ಹೇಳುತ್ತಿದ್ದಳು, ನಾನು ಅರ್ಧವನ್ನು ಅಪ್ಪನಿಗೆ ದಾಟಿಸುತ್ತಿದ್ದೆ. ಉಳಿದರ್ಧ ನುಂಗಿಕೊಳ್ಳುತ್ತಿದ್ದೆ, ಯಾಕೆಂದರೆ ಅವನು ಕಿವುಡನಲ್ಲ, ಕುರುಡನಲ್ಲ. ತಡವಾಗಿ ತಲುಪಿದ ನಿಜ, ಸುಳ್ಳಿನಷ್ಟೇ ಕೆಟ್ಟದ್ದು ಎಂದು ನಾನು ಹುಡುಗರಿಗೆ ಹೇಳಿಕೊಡುತ್ತೇನೆ. ಅದು ಆ ಹೊತ್ತಿನಲ್ಲಿ ನೆನಪಿಗೆ ಬರಲಿಲ್ಲ.

ನಾಗವಲ್ಲಿಯ ಹತ್ತಿರ ಒಂದು ಬಸ್ ಸಿಕ್ಕಿತು. ಅಪ್ಪ ಅದರ ಬೆನ್ನು ಹಿಡಿದ ಮೇಲೆ ಕಾರಿನ ಓಟ ಒಂದು ಹದಕ್ಕೆ ಬಂತು. ಜನ ಹತ್ತಿಸಿಕೊಳ್ಳಲು ಬಸ್ ನಿಂತರೆ ಅಪ್ಪನೂ ನಿಂತ. ಹಿಂದಿನವರು ಹಾರ್ನ್ ಹೊಡೆದರೂ ಕದಲಲಿಲ್ಲ. ಅಮ್ಮನೂ ಸೀಟಿಗೆ ಒರಗಿ ಕೂತಳು. ಹೆಬ್ಬೂರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಆ ಬಸ್ ಯಾವುದೋ ಹಳ್ಳಿಯ ಕಡೆ ತಿರುಗಿಕೊಂಡಿತು. ಮುಂದೆ ರಸ್ತೆ ಬರಿದಾಗಿತ್ತು. ಅಪ್ಪನ ಕೈ ಸ್ಟೇರಿಂಗ್ ಮೇಲೆ ಬಿಗಿಯಾದದ್ದನ್ನು ನೋಡಿದೆ. ಅದೇ ಹೊತ್ತಿಗೆ ಕೋರದಿಂದ ಹುಡುಗರ ಮೆಸೇಜ್ ಬಂತು, 'ಮೂರನೇ ಗಾಡಿ ಮಾತು ಕೇಳ್ತಿಲ್ಲ ಮೇಡಂ' ಎಂದು. ಅದನ್ನು ಓದುತ್ತಾ ಕೂತೆ.

ಅದು ಹುರುಳಿ ಒಕ್ಕಣೆಯ ಕಾಲ. ಆ ಕಡೆಯ ರಸ್ತೆಗಳೆಲ್ಲ ಆಗ ಕಣವಾಗುತ್ತವೆ. ಕಿತ್ತು ತಂದ ಹುರುಳಿ ಬಳ್ಳಿಯನ್ನು ರಸ್ತೆಗೆ ಹರಡಿದರೆ ಓಡಾಡುವ ಗಾಡಿಗಳ ಚಕ್ರವೇ ಒಕ್ಕಿಕೊಡುತ್ತದೆ. ಒಕ್ಕಿದ ಕಾಳನ್ನು ರಸ್ತೆಯ ಅಂಚಿಗೆ ಗುಡ್ಡೆ ಮಾಡಿ, ಅದರ ಮೇಲೆ ಯಾರೂ ಗಾಡಿ ಹತ್ತಿಸದಿರಲಿ ಎಂದು ಸುತ್ತ ಕಲ್ಲಿಟ್ಟುಕೊಂಡು ಹೆಂಗಸರು ತೂರುತ್ತಾ ಕೂತಿರುತ್ತಾರೆ. ಆ ಕಲ್ಲುಗಳು ವಾರದ ಹಿಂದೆ ಅಲ್ಲಿ ಇರಲಿಲ್ಲ, ಇನ್ನೊಂದು ವಾರಕ್ಕೆ ಇರುವುದಿಲ್ಲ.

"ಕಲ್ಲು! ಕಲ್ಲು ಅಂತ ಹೇಳೇ!" ಎಂದಳು ಅಮ್ಮ.

ತಲೆ ಎತ್ತಿದೆ. ಒಳ್ಳೆ ಬಿಸಿಲು, ನೆಟ್ಟಗಿನ ರಸ್ತೆ. ಎಡಕ್ಕೆ ಹುರುಳಿ ಗುಡ್ಡೆ, ಅದರ ಸುತ್ತ ತಲೆಗಾತ್ರದ ಕಲ್ಲುಗಳು. ಎಂಥವರಿಗೂ ಕಾಣುತ್ತದೆ, ಹೇಳುವುದೇನು ಬಂತು ಎಂದು ನಾನು ಅಂದುಕೊಳ್ಳುತ್ತಿದ್ದ ಹಾಗೆಯೇ ಕಾರು ಆ ಕಲ್ಲುಗಳ ಮೇಲೆ ಹತ್ತಿತು.

"ರೀ! ನಿಲ್ಸ್ರೀ!"

ಅಮ್ಮನ ಆ ಕೂಗಿಗೆ ಅಪ್ಪನ ಕಾಲು ಬ್ರೇಕಿಗೆ ಹೋಯಿತು. ಕೆಳಗೆ ಏನೋ ಗರಗರ ಉಜ್ಜಿ ಕಾರು ವಾಲಿಕೊಂಡು ನಿಂತಿತು. ಹುರುಳಿ ಚೆಲ್ಲಾಪಿಲ್ಲಿಯಾಗಿತ್ತು. ಗುಡ್ಡೆಯ ಆಚೆ ಮಗ್ಗುಲಿನಿಂದ ಮೊರ ಹಿಡಿದ ಹೆಂಗಸೊಬ್ಬಳು ಎದ್ದು ಬಂದಳು. ಅವಳು ಈಚೆ ಮಗ್ಗುಲಿಗೆ ಕೂತಿದ್ದರೆ ಕಾರು ಅವಳ ಮೇಲೆಯೇ ಹತ್ತುತ್ತಿತ್ತು.

"ಏನ್ ಯಜಮಾನ್ರೇ," ಎಂದು ಅವಳು ಕಿರುಚಿದಳು. "ಇಷ್ಟಿಷ್ಟ್ ದಪ್ಪ ಕಲ್ಲು ಮಡಗಿವ್ನಿ, ಕಾಣಾಕಿಲ್ವಾ ನಿಮ್ಗೆ?"

ಅಪ್ಪ ಇಳಿದು, ಕಾಲಿನಿಂದ ಸವರಿ ಒಂದು ಕಲ್ಲನ್ನು ಹುಡುಕಿಕೊಂಡ. ಆಮೇಲೆ ಅವಳ ಕಡೆ ಮುಖ ಮಾಡಿ, ಕೇಳಿದ್ದಕ್ಕೆ ಉತ್ತರ ಹೇಳುವ ಹಾಗೆ ಹೇಳಿದ.

"ಇಲ್ಲ ಕಣಮ್ಮ. ಕಾಣಲ್ಲ."

ಆ ಹೆಂಗಸಿನ ಸಿಟ್ಟು ಜರ್ರನೆ ಇಳಿಯಿತು. ಅವಳು ನನ್ನ ಮುಖ ನೋಡಿದಳು. ಕಣ್ಣು ಕಾಣದವರ ಕೈಗೆ ಕಾರು ಕೊಟ್ಟು ಪಕ್ಕದಲ್ಲಿ ಕೂತವಳು ಎಂಥ ಮಗಳು ಎಂದು ಅವಳು ಕೇಳಲಿಲ್ಲ. ಚೊಂಬಿನಲ್ಲಿ ನೀರು ತಂದು ಅಮ್ಮನಿಗೆ ಕೊಟ್ಟಳು.

ರಸ್ತೆ ಬದಿಯ ಹುಣಸೆ ಮರದ ಕೆಳಗೆ ಅಮ್ಮ ಎಲ್ಲ ಹೇಳಿದಳು. ಎರಡು ವರ್ಷದಿಂದ ಹೀಗಂತೆ. ನೆಟ್ಟಗೆ ಎದುರಿಗಿದ್ದದ್ದು ಕಾಣುತ್ತದೆ. ಎಡ ಬಲ ಕಾಣುವುದಿಲ್ಲ, ಕೆಳಗಿನದೂ ಕಾಣುವುದಿಲ್ಲ. ದಿನ ಹೋದ ಹಾಗೆ ಕಾಣುವ ಜಾಗ ಸಣ್ಣದಾಗುತ್ತಿದೆ.

"ನಿಂಗೆ ಹೇಳ್ಬ್ಯಾಡ ಅಂತ ಆಣೆ ಹಾಕ್ಸಿದ್ರು ಕಣೇ. ಹೇಳಿದ್ರೆ ಕೀ ಕಿತ್ಕೋತಾಳೆ ಅಂತ. ಕಣ್ಣಾಸ್ಪತ್ರೆಗೆ ಬನ್ನಿ ಅಂದ್ರೆ ಬರ್ಲಿಲ್ಲ. ಅದ್ಕೇ ಮಾತು ಬುಟ್ಟೆ. ನಾನು ಮಾತಾಡ್ದೆ ಇದ್ರೆ ಇವ್ರು ಕಾರು ಎತ್ತಾಕಾಗಲ್ಲ ಅಂತ ಅಂದ್ಕಂಡೆ. ಎತ್ತೇ ಬುಟ್ರಲ್ಲ ಈ ಮೊಂಡ ಮನುಷ್ಯ!"

ಹೀಗೆ ಹೇಳಿ ಅವಳು ರೇಷ್ಮೆ ಸೆರಗಿನಲ್ಲೇ ಮೂಗು ಒರೆಸಿಕೊಂಡಳು. ಅಪ್ಪ ಮರಕ್ಕೆ ಒರಗಿ ನಿಂತಿದ್ದ.

ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ. ಇಬ್ಬರಿಗೂ ಬೈದೆ. ಹುರುಳಿ ತೂರುವ ಹೆಂಗಸಿನ ಎದುರಿಗೇ, ಮರ್ಯಾದೆ ನೋಡದೆ, ನೀವಿಬ್ಬರೂ ಸತ್ತು ಇನ್ನೊಬ್ಬರನ್ನೂ ಸಾಯಿಸುತ್ತಿದ್ದಿರಿ ಎಂದು ಕೂಗಾಡಿದೆ. ಕೂಗಾಡುತ್ತಲೇ ಅಳು ಬಂತು. ಪ್ರತಿ ವಾರ ಇವರು ಚೇಳೂರಿಗೆ ಹೋಗಿ ಬರುತ್ತಿದ್ದರು. ನಾನು ಮೇಲಿನ ಮನೆಯ ಬಾಲ್ಕನಿಯಿಂದ ಟಾಟಾ ಮಾಡುತ್ತಿದ್ದೆ. ಕಾರನ್ನು ಅಷ್ಟು ದಿನ ಓಡಿಸಿದ್ದು ಅಪ್ಪನಲ್ಲ. ಅಮ್ಮ ಕಂಡದ್ದನ್ನು ಹೇಳುತ್ತಿದ್ದಳು, ಅವನು ಕೇಳಿಕೊಂಡು ಕೈಕಾಲು ಆಡಿಸುತ್ತಿದ್ದ. ನಾನು ಹಿಂದಿನ ಸೀಟಿನಲ್ಲಿ ಕೂತು ಆ ಮಾತನ್ನು ನಿಲ್ಲಿಸು ಎಂದು ರೇಗುತ್ತಿದ್ದೆ.

ಅಪ್ಪ ಬಂದು ನನ್ನ ಕೈ ತೆಗೆದುಕೊಂಡು ಅದರಲ್ಲಿ ಕೀ ಇಟ್ಟ.

"ನೀನೇ ಓಡ್ಸು," ಎಂದ.

ಆ ಹೆಂಗಸೂ ಅಮ್ಮನೂ ಸೇರಿ ಚಕ್ರದ ಕೆಳಗಿನ ಕಲ್ಲು ಸರಿಸಿದರು. ಚೆಲ್ಲಿದ ಹುರುಳಿಯನ್ನು ನಾವೂ ಬಾಚಿ ಕೊಟ್ಟೆವು. ಎಷ್ಟು ವರ್ಷದ ಮೇಲೆ ನಾನು ಡ್ರೈವರ್ ಸೀಟಿನಲ್ಲಿ ಕೂತೆ ಎಂದರೆ ಕ್ಲಚ್ ಯಾವುದೆಂದು ಕೆಳಗೆ ಬಗ್ಗಿ ನೋಡಿದೆ. ಎರಡು ಸಲ ಗಕ್ಕೆಂದು ನಿಂತು, ಮೂರನೆಯ ಸಲಕ್ಕೆ ಹೊರಟಿತು. ಕುಣಿಗಲ್ ಬಸ್ಸೊಂದು ದಾಟಿ ಹೋದಾಗ ಹೆದರಿಕೆಗೆ ಅದರ ಹಿಂದೆಯೇ ಬಿದ್ದೆ. ಅದು ನಿಂತಲ್ಲಿ ನಿಂತೆ, ಹೊರಟಾಗ ಹೊರಟೆ. ಪಕ್ಕದಲ್ಲಿದ್ದ ಅಪ್ಪ ನೋಡಿಯೂ ತಮಾಷೆ ಮಾಡಲಿಲ್ಲ.

ಮಾವನ ಮನೆ ತಲುಪುವಷ್ಟರಲ್ಲಿ ಹಾಲು ಉಕ್ಕಿಸಿ ಆಗಿತ್ತು. ಯಾಕಕ್ಕ ಇಷ್ಟೊತ್ತು ಎಂದು ಮಾವ ಕೇಳಿದ್ದಕ್ಕೆ ಅಮ್ಮ, "ದಾರೀಲಿ ಹುರುಳಿ ಹರವಿದ್ರು," ಎಂದಳು. ಸುಳ್ಳೇನಲ್ಲ. ಚಪ್ಪರದ ಕೆಳಗೆ ಜನ ಕಿಕ್ಕಿರಿದಿದ್ದರು. ಅಮ್ಮ ಮುಂದೆ ನಡೆದಳು. ಅಪ್ಪ ಅವಳ ಹಿಂದೆ ಸರಿಯಾಗಿ ಒಂದು ಕೈ ಅಂತರದಲ್ಲಿ, ಅವಳ ಕತ್ತನ್ನೇ ನೋಡಿಕೊಂಡು ಊಟದ ಎಲೆಯವರೆಗೆ ಹೋದ. ಮೆಟ್ಟಿಲು ಬಂದಾಗ ಅಮ್ಮ ಸುಮ್ಮನೆ ಕೆಮ್ಮಿದಳು. ಅವನು ಕಾಲೆತ್ತಿಟ್ಟ. ಯಾರಿಗೂ ಏನೂ ಗೊತ್ತಾಗಲಿಲ್ಲ.

ಕಣ್ಣಿನ ಡಾಕ್ಟರು ಒಳ್ಳೆಯವರು, ಬಿಡಿಸಿ ಹೇಳಿದರು. ಕಣ್ಣಿನೊಳಗಿನ ಒತ್ತಡಕ್ಕೆ ನರ ಸಾಯುತ್ತಾ ಹೋಗುವ ಕಾಯಿಲೆ, ಗ್ಲಾಕೋಮಾ. ಹೋದದ್ದು ತಿರುಗಿ ಬರುವುದಿಲ್ಲ; ಡ್ರಾಪ್ಸ್ ಹಾಕಿಕೊಂಡು ಇರುವುದನ್ನು ಕಾಪಾಡಿಕೊಳ್ಳಬೇಕು. ಕಾರು ಮಾತ್ರ ಮುಟ್ಟಬೇಡಿ ಎಂದರು. ಅಪ್ಪ ಒಳ್ಳೆಯ ಹುಡುಗನಂತೆ ತಲೆಯಾಡಿಸಿದ. ಮನೆಗೆ ಬಂದು ಕಾರಿಗೆ ಕವರ್ ಹಾಕಿ, ನಾಲ್ಕು ಮೂಲೆಗೂ ಹಗ್ಗ ಬಿಗಿದ.

ತೋಟಕ್ಕೆ ಬಸ್ಸಿನಲ್ಲಿ ಹೋಗುತ್ತೇನೆ ಎಂದವನು ಹೋಗಲಿಲ್ಲ. ಪೇಪರ್ ಹಿಡಿದು ಕೂರುತ್ತಿದ್ದ, ಪುಟ ತಿರುಗಿಸುತ್ತಿರಲಿಲ್ಲ. ಕೇಳಿದರೆ ಎಲ್ಲದಕ್ಕೂ "ಹ್ಞೂಂ". ನೆಂಟರು ಬಂದರೂ ನನ್ನ ಬಗ್ಗೆ ತಮಾಷೆ ಇಲ್ಲ. ಸಂಸಾರದಲ್ಲಿ ಗಂಡಸು ಸುಮ್ಮನಿದ್ದರೆ ಎಲ್ಲ ಚೆನ್ನಾಗಿದೆ ಎಂದು ನಂಬುವವರು ಬಹಳ ಜನ. ನನಗೆ ಆ ಮೌನ ನೋಡಿ ಭಯವಾಯಿತು. ಒಂದು ಬೆಳಿಗ್ಗೆ ನಾನೇ ಹಗ್ಗ ಬಿಚ್ಚಿ, ಕವರ್ ಎಳೆದು, ಅವನ ಮುಂದೆ ಹೋಗಿ ನಿಂತೆ.

"ಬಾ, ಡ್ರೈವಿಂಗ್ ಕಲಿಸು."

"ನಾನಾ? ಕುರುಡ ನಾನು ಏನ್ ಕಲಿಸ್ಲಿ?"

"ಹುಡುಗರಿಗೆ ಕಬಡ್ಡಿ ಕಲಿಸ್ದಾಗ ನೀನೇ ಆಡ್ತಿದ್ಯಾ? ಬಾ."

ಅವನು ಮುಖ ಗಂಟಿಕ್ಕಿಕೊಂಡೇ ಎದ್ದು ಬಂದ. ಬೆಳಗಿನ ಹೊತ್ತು ರಿಂಗ್ ರೋಡಿನಲ್ಲಿ ಕಲಿಸಿದ. ರಸ್ತೆ ನೋಡದೆಯೇ ಇಂಜಿನ್ ದನಿ ಕೇಳಿ, "ಗೇರ್ ಕೇಳ್ತೈತಲ್ಲ, ಹಾಕು," ಎನ್ನುತ್ತಿದ್ದ. ನಾನು ಪೆದ್ದು ಪೆದ್ದಾಗಿ ಬ್ರೇಕ್ ಹಾಕಿದಾಗ ಹಳೆ ಡ್ರಿಲ್ ಮೇಷ್ಟ್ರ ದನಿಯಲ್ಲಿ ಗದರುತ್ತಿದ್ದ. ಆ ಗದರಿಕೆ ಕೇಳಿ ನನಗೆ ಅಷ್ಟು ಸಮಾಧಾನವಾಗುತ್ತಿತ್ತು, ಬೇಕೆಂತಲೇ ಒಂದೆರಡು ತಪ್ಪು ಹೆಚ್ಚಿಗೆ ಮಾಡಿದ್ದೂ ಉಂಟು.

ಕೈ ಕುದುರಿದ ಮೇಲೆ, ಮಳೆಗಾಲದಲ್ಲಿ, ಚೇಳೂರಿಗೆ ಹೊರಟೆವು. ಅಪ್ಪ ತಾನಾಗಿಯೇ ಹಿಂದಿನ ಬಾಗಿಲು ತೆಗೆದು ಹಿಂದೆ ಕೂತ. ಅಮ್ಮ ಅಭ್ಯಾಸದಂತೆ ಮುಂದೆ ಬಂದು ಕೂತಳು. ಕಾರು ಹೊರಟದ್ದೇ ಅವಳ ಬಾಯಿಯೂ ಹೊರಟಿತು.

"ಹಂಪ್ ಬಂತು. ಎಡಗಡೆ ಸ್ಕೂಲ್ ಮಕ್ಳು. ಲಾರಿ ನಿಂತೈತೆ, ಕೊಬ್ಬರಿ ಚೀಲ ತುಂಬ್ತಾವ್ರೆ."

ಗುಬ್ಬಿಯವರೆಗೆ ಹಲ್ಲು ಕಚ್ಚಿಕೊಂಡೆ. ಹೊಸ ಡ್ರೈವರಿಗೆ ಕಿವಿಯ ಹತ್ತಿರ ಹೀಗೆ ಒದರುತ್ತಿದ್ದರೆ ಹೇಗಾಗುತ್ತದೆಂದು ಓಡಿಸಿ ನೋಡಿದವರಿಗೇ ಗೊತ್ತು. ಗುಬ್ಬಿ ದಾಟಿ ಚೇಳೂರಿನ ರಸ್ತೆಗೆ ತಿರುಗಿದೆವು.

"ಬಲಕ್ಕೆ ಯಾರೋ ಹೊಸ್ದಾಗಿ ಬೋರ್ ಕೊರಸ್ತಾವ್ರೆ. ಈ ಕಡೆ ರಾಗಿ ಪೈರು ಚೆನ್ನಾಗೆದ್ದೈತೆ. ಅಲ್ನೋಡಿ, ಕೆರೇಲಿ ನೀರು ಕೋಡಿ ಮಟ್ಟಕ್ಕೆ..."

"ಅಮ್ಮಾ! ನಿಲ್ಲಿಸ್ತೀಯಾ? ನನಗೆ ಕಣ್ಣು ಕಾಣತ್ತೆ!"

ಬಾಯಿಂದ ಬಿದ್ದ ಮೇಲೆ ಗೊತ್ತಾಯಿತು, ಆ ಕಾರಿನಲ್ಲಿ ಆಡಬಾರದ ಮಾತು ಅದೊಂದೇ ಎಂದು. ಅಮ್ಮ ತಟ್ಟನೆ ಸುಮ್ಮನಾದಳು. ಕನ್ನಡಿಯಲ್ಲಿ ಅಪ್ಪನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ.

ಹಿಂದಿನಿಂದ ಅಪ್ಪ ಮೆಲ್ಲಗೆ ಹೇಳಿದ.

"ಅವಳು ನಿಂಗೆ ಹೇಳ್ತಿಲ್ಲ ಕಣಮ್ಮ. ನಂಗೆ ಹೇಳ್ತಾವ್ಳೆ."

ಆಮೇಲೆ ಮುಂದಿನ ಸೀಟಿನ ಕಡೆ ಬಾಗಿ, "ಯಾಕೇ ನಿಲ್ಲಿಸ್ಬುಟ್ಟೆ? ಕೆರೆ ಆಯ್ತು, ಆಮೇಲೆ?" ಎಂದು ಕೇಳಿದ.

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದಳು.

"ಏನಿಲ್ಲ ರೀ," ಅಂದಳು. "ರೋಡ್ ಖಾಲಿ."